ಸಂಪಾದಕರ ಮಾತು: ಮಹಿಷಾಸುರ ಬರುವಾಗ ಮಕ್ಕಳು ಎಚ್ಚರವಿದ್ದಾರೆ

ತಿರುಗಾಟ ಮುಗಿಯುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದವು. ಅದರ ಬೆನ್ನಿಗೇ ನಮ್ಮ ಮೇಜಿನ ಮೇಲೆ ಲೇಖನಗಳು ಬಂದು ಬೀಳುತ್ತಿವೆ. ಬರೆದವರು ಬೇರೆ ಬೇರೆ, ಹೇಳುವುದು ಒಂದೇ: ಯಕ್ಷಗಾನ ಮುಗಿಯಿತು. ರಾತ್ರಿಯಿಡೀ ಆಡದೆ ಕೆಲವೇ ಗಂಟೆಗಳಲ್ಲಿ ಆಟ ಮುಗಿಸುವ ಕಾಲಮಿತಿ ಅದನ್ನು ಕೊಂದಿತು, ಯೂಟ್ಯೂಬ್ ಹೂತಿತು. ಕೆಲವು ಸಹೋದರ ಪತ್ರಿಕೆಗಳು ಈ ಶೋಕಗೀತೆಯನ್ನು ಪುಟಗಟ್ಟಲೆ ಅಚ್ಚು ಹಾಕುತ್ತಿವೆ. ನಾವು ಹಾಕುವುದಿಲ್ಲ. ಬದುಕಿರುವ ಕಲೆಗೆ ತಿಥಿ ಮಾಡುವುದು ಅದರಿಂದ ಅನ್ನ ಉಣ್ಣುವವರಿಗೆ ಮಾಡುವ ಅನ್ಯಾಯ.

ದೊಂದಿ ಹೋಗಿ ಗ್ಯಾಸ್‌ಲೈಟ್ ಬಂದಾಗ ಬಣ್ಣದ ವೇಷದ ಭೀಕರತೆ ಹೋಯಿತೆಂದರು. ಮೈಕ್ ಬಂದಾಗ ಭಾಗವತರ ಕಂಠ ಹೋಯಿತೆಂದರು. ಟೆಂಟು, ಟಿಕೇಟು ಬಂದಾಗ ಭಕ್ತಿ ಹೋಯಿತೆಂದರು. ತುಳು ಪ್ರಸಂಗಗಳು ಬಂದಾಗಲಂತೂ ಎಲ್ಲವೂ ಹೋಯಿತೆಂದರು. ಹೆಂಗಸು ಭಾಗವತಿಕೆಗೆ ಕೂರುವುದುಂಟೇ ಎಂದು ಕೇಳುತ್ತಿದ್ದ ಕಾಲದಲ್ಲಿ ಲೀಲಾವತಿ ಬೈಪಾಡಿತ್ತಾಯರು ಮೇಳದ ತಿರುಗಾಟದಲ್ಲಿ ಪದ ಹೇಳಿದರು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಇಡೀ ಕರಾವಳಿ ತಲೆಬಾಗಿತು. ಇಂದು ಹೆಣ್ಣುಮಕ್ಕಳು ಜಾಗಟೆ ಹಿಡಿಯುವುದು ಯಾರಿಗೂ ಸುದ್ದಿಯಲ್ಲ.

ಪರಂಪರೆಯ ಹೆಸರು ಹೇಳಿ ನಮ್ಮ ಬಾಯಿ ಮುಚ್ಚಿಸಲು ಬರುವವರಿಗೆ ಮೂಡುಬಿದಿರೆ ಬಳಿಯ ಮಾರೂರಿನ ಬಲಿಪ ನಾರಾಯಣ ಭಾಗವತರನ್ನು (1938–2023) ನೆನಪಿಸುತ್ತೇವೆ. ಅವರಿಗಿಂತ ದೊಡ್ಡ ಪರಂಪರೆಯವರು ಯಾರು? ಒಂದು ರಾತ್ರಿಯಲ್ಲಿ ಮುಗಿಯುವ ದೇವಿಮಹಾತ್ಮೆಯನ್ನು ಐದು ದಿನಕ್ಕೆ ವಿಸ್ತರಿಸಿ ಪದ್ಯ ಕಟ್ಟಿದವರು ಅವರೇ. ಹಿಗ್ಗಿಸಲು ಬರುವ ಕಲೆಗೆ ಕುಗ್ಗಿಸಲೂ ಬರಬೇಕು. ಎರಡಕ್ಕೂ ಪ್ರಸಂಗದ ನಡೆ ಕರಗತವಾಗಿರುವ ಭಾಗವತರು ಬೇಕು, ಅಷ್ಟೆ.

ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದೆಂಬ ನಿಯಮ 2000ದ್ದು. ಅದರ ಬಿಸಿ ತಟ್ಟಿ 2022ರಲ್ಲಿ ಕಟೀಲಿನ ಮೇಳಗಳ ಕಾಲಮಿತಿಯ ಮಾತೆದ್ದಾಗ ಊರೂರಲ್ಲಿ ಜಗಳವಾಯಿತು. ಧರ್ಮಸ್ಥಳ ಮೇಳವಾದರೋ ಅದಕ್ಕೂ ಮೊದಲೇ ಕಾಲಮಿತಿಗೆ ಹೊಂದಿಕೊಂಡು ನಡೆದಿತ್ತು. ಹರಕೆಯ ಆಟ ಬೆಳಗಿನವರೆಗೆ ಆಗಬೇಕೆಂಬ ಭಕ್ತರ ನಂಬಿಕೆಯನ್ನು ನಾವು ಗೌರವಿಸುತ್ತೇವೆ. ಆದರೆ ಬೆಳಗಾಗುವುದರೊಳಗೆ ಮುಗಿದ ಆಟ ಆಟವೇ ಅಲ್ಲ ಎಂಬ ವಾದವನ್ನು ಒಪ್ಪುವುದಿಲ್ಲ.

ಈ ವರ್ಷ ಬಂಟ್ವಾಳದ ಒಂದು ಬಾಕಿಮಾರು ಗದ್ದೆಯಲ್ಲಿ ಕಂಡದ್ದನ್ನು ಹೇಳಬೇಕು. ನಮ್ಮ ಬಾಲ್ಯದಲ್ಲಿ ದೇವಿಮಹಾತ್ಮೆಯ ಮಹಿಷಾಸುರ ಬರುವ ಹೊತ್ತಿಗೆ ನಾವು ಚಾಪೆಯ ಮೇಲೆ ನಿದ್ದೆ ಹೋಗಿರುತ್ತಿದ್ದೆವು. ದೊಡ್ಡವರು ಎಬ್ಬಿಸಿ ಕೂರಿಸಿದರೆ ಅರೆಗಣ್ಣಲ್ಲಿ ನೋಡಿ ಮತ್ತೆ ಮಲಗುತ್ತಿದ್ದೆವು. ಮೊನ್ನೆ ಒಂಬತ್ತೂವರೆಗೇ ಅವನು ಬಂದ. ಜನರ ನಡುವಿನಿಂದ, ದೊಂದಿ ಹಿಡಿದು, ರಾಳದ ಪುಡಿ ಎರಚಿ ಬೆಂಕಿ ಏಳಿಸುತ್ತ ಬಂದ. ಎದುರಿನ ಸಾಲಿನಲ್ಲಿ ಐದಾರು ವರ್ಷದ ಹುಡುಗಿಯೊಬ್ಬಳು ಅಜ್ಜಿಯ ಸೆರಗಿನೊಳಗೆ ತಲೆ ಹುದುಗಿಸಿದಳು. ಮತ್ತೆ ಒಂದು ಕಣ್ಣು ಮಾತ್ರ ಹೊರಗಿಟ್ಟು ನೋಡಿದಳು. ಅವನು ದಾಟಿ ಹೋದ ಮೇಲೆ "ಅಜ್ಜೀ, ಇನ್ನೊಮ್ಮೆ ಬರ್ತಾನಾ?" ಎಂದು ಕೇಳಿದಳು. ಮುಂದಿನ ಐವತ್ತು ವರ್ಷದ ಪ್ರೇಕ್ಷಕಿ ಅವಳು. ಕಾಲಮಿತಿ ಅವಳನ್ನು ನಮಗೆ ಕೊಟ್ಟಿದೆ.

ಹಾಗಾದರೆ ಹಾಳಾಗುತ್ತಿರುವುದು ಏನೂ ಇಲ್ಲವೇ? ಇದೆ. ಅದೇ ರಾತ್ರಿ, ಮುಂದಿನ ಪ್ರವೇಶಕ್ಕೆ ಮೊದಲು ಆಟ ನಿಂತಿತು. ಸನ್ಮಾನ. ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಮಾನಪತ್ರದ ಓದು, ನಾಲ್ಕು ಭಾಷಣ. ಐವತ್ತು ನಿಮಿಷ. ಮಧ್ಯಾಹ್ನವೇ ಕೂತು ಅಕ್ಕಿಹಿಟ್ಟಿನ ಚುಟ್ಟಿ ಇಟ್ಟುಕೊಂಡ ಕಲಾವಿದ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ನೀರೂ ಕುಡಿಯಲಾಗದೆ ಕಾಯುತ್ತಿದ್ದ. ಐದು ಗಂಟೆಯ ಆಟದಲ್ಲಿ ಒಂದು ಗಂಟೆ ವೇದಿಕೆಯ ಗಣ್ಯರಿಗೆ ಹೋದರೆ ಯಾವ ಪದ್ಯ ಬಿಡಬೇಕು? ಬಿಡುವುದು ಯಾವಾಗಲೂ ಪೂರ್ವರಂಗವನ್ನೇ. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಎಂದು ಹೊಸ ಹುಡುಗರು ಹೆಜ್ಜೆ ಗಟ್ಟಿ ಮಾಡಿಕೊಳ್ಳುತ್ತಿದ್ದ ಶಾಲೆ ಅದು. ಶಾಲೆ ಮುಚ್ಚಿ ಕಲಾವಿದರಿಲ್ಲ ಎಂದು ಅಳುವುದು ಯಾವ ನ್ಯಾಯ? ಯಕ್ಷಗಾನಕ್ಕೆ ಶತ್ರು ಗಡಿಯಾರವಲ್ಲ, ನಡುವೆ ನುಗ್ಗುವ ಈ ಸನ್ಮಾನ.

ಕಲಾವಿದರು ಇದಕ್ಕಿಂತ ದೊಡ್ಡದನ್ನೂ ದಾಟಿ ಬಂದಿದ್ದಾರೆ. 2020ರ ಮಾರ್ಚಿನಲ್ಲಿ ಕೋವಿಡ್‌ನಿಂದಾಗಿ ತಿರುಗಾಟದ ನಡುವೆಯೇ ಮೇಳಗಳು ನಿಂತವು. ಪತ್ತನಾಜೆಗೆ ಇನ್ನೂ ಎರಡು ತಿಂಗಳಿತ್ತು. ವೇಷಧಾರಿಗಳು ಕಿರೀಟ ಕಟ್ಟಿಟ್ಟು ಮನೆಗೆ ಹೋದರು. ತೋಟದ ಕೆಲಸ ಮಾಡಿದರು, ಸಿಕ್ಕಿದ ಕೂಲಿಗೆ ಹೋದರು. ಪ್ರೇಕ್ಷಕರಿಲ್ಲದ ಕೋಣೆಯಲ್ಲಿ ಕ್ಯಾಮೆರಾದ ಮುಂದೆ ಕುಣಿದವರೂ ಇದ್ದಾರೆ. ಎದುರು ಒಂದು ಮುಖವೂ ಕಾಣದೆ ಅರ್ಥ ಹೇಳುವುದು ಎಷ್ಟು ಕಷ್ಟವೆಂದು ತಾಳಮದ್ದಳೆಯಲ್ಲಿ ಕೂತವರಿಗೆ ಗೊತ್ತು. ಆದರೂ ಅವರು ಬಿಡಲಿಲ್ಲ. ಮತ್ತೆ ಚೆಂಡೆ ಕೇಳಿದಾಗ ಗೆಜ್ಜೆ ಕಟ್ಟಿದರು. ಭರವಸೆಯ ಬಗ್ಗೆ ಉಪನ್ಯಾಸ ಕೊಡುವವರು ಮೊದಲು ಚೌಕಿಗೆ ಹೋಗಿ ಇವರನ್ನು ನೋಡಿ ಬರಲಿ. ಮೂಡುಬಿದಿರೆಯ ಆಳ್ವಾಸ್ ಧೀಂಕಿಟ ಯಕ್ಷಗಾನ ಅಧ್ಯಯನ ಕೇಂದ್ರದಲ್ಲಿ, ನಮ್ಮೂರುಗಳ ಶಾಲೆಗಳಲ್ಲಿ ಹೆಜ್ಜೆ ಕಲಿಯುವ ಮಕ್ಕಳನ್ನೂ ನೋಡಲಿ.

ಬಿ.ಸಿ.ರೋಡಿನಲ್ಲಿ, ಅಂದರೆ ಬಂಟ್ವಾಳ ಕ್ರಾಸ್ ರೋಡಿನಲ್ಲಿ, ಕೂತು ಬರೆಯುವ ನಮಗೆ ಬದಲಾವಣೆ ಹೊಸತಲ್ಲ. ನೇತ್ರಾವತಿಯ ದೋಣಿಗಳನ್ನು ನಂಬಿದ್ದ ಬಂಟ್ವಾಳ ಪೇಟೆಯ ವ್ಯಾಪಾರ ರಸ್ತೆಗೆ ಬಂದದ್ದರಿಂದಲೇ ಈ ಅಡ್ಡರಸ್ತೆ ಊರಾಯಿತು.

ಅದಕ್ಕೇ ಈ ಸಂಚಿಕೆಯ ವಿಶೇಷ ವಿಷಯ 'ಬದಲಾಗುವ ರಂಗಸ್ಥಳ'.

ಕೊನೆಗೆ, ಬರುವ ದೀಪಾವಳಿಯ ನಂತರ ಆಟ ಆಡಿಸುವವರಲ್ಲಿ ಮೂರು ವಿನಂತಿ. ಹೇಳಿದ ಹೊತ್ತಿಗೆ ಚೌಕಿಪೂಜೆ ಆಗಲಿ. ಪೂರ್ವರಂಗಕ್ಕೆ ಇಪ್ಪತ್ತು ನಿಮಿಷವಾದರೂ ಕೊಡಿ. ಸನ್ಮಾನವಿದ್ದರೆ ಆಟ ಶುರುವಾಗುವ ಮೊದಲೇ ಮುಗಿಸಿ. ಓದುಗರಲ್ಲಿ ಒಂದೇ ವಿನಂತಿ: ಮಕ್ಕಳ ಕೈ ಹಿಡಿದುಕೊಂಡು ಬನ್ನಿ, ಎದುರಿನ ಸಾಲಿನಲ್ಲಿ ಕೂರಿಸಿ.