ಚಿಕ್ಕಪ್ಪನ ಪಿಕಪ್ಪಿಗೆ ಯಾವ ಇಂಜಿನ್ನು?

ಎರಡು ತಿಂಗಳಿಂದ ನಮ್ಮ ಮನೆಯಲ್ಲಿ ಒಂದೇ ಜಗಳ. ಪೆಟ್ರೋಲೋ, ಡೀಸೆಲ್ಲೋ? ಮೂವತ್ತು ವರ್ಷದಿಂದ ಬ್ಯಾಂಕಿನಲ್ಲಿ ಡೆಬಿಟ್ಟು-ಕ್ರೆಡಿಟ್ಟು ಬರೆದ ಬಿ.ಕಾಂ. ಪದವೀಧರ ನಾನು, ಇಂಜಿನ್ನಿನ ಬಗ್ಗೆ ಮಾತಾಡುವುದು ಅಧಿಕಪ್ರಸಂಗ ಅಂತ ನಿಮಗೆ ಅನ್ನಿಸಬಹುದು. ಆದರೆ ದುಡ್ಡು ನನ್ನದು, ಗಾಡಿ ನನ್ನ ಚಿಕ್ಕಪ್ಪನದು. ಹಾಗಾಗಿ ನಾಲ್ಕು ಮಾತು.

ಗಾಡಿ ಮಹೀಂದ್ರದ ಎಫ್‌ಸಿ-150, 1970ರದ್ದು. ಜೀಪಿನ ಸಂತತಿಯೇ, ಆದರೆ ಮೂತಿ ಇಲ್ಲ. ಡ್ರೈವರ್ ಕೂರುವುದೇ ಮುಂದಿನ ಚಕ್ರದ ಮೇಲೆ, ಇಂಜಿನ್ನು ಇರುವುದು ಎರಡು ಸೀಟುಗಳ ನಡುವೆ ಒಂದು ಡಬ್ಬದ ಕೆಳಗೆ. ಅಮೆರಿಕದ ವಿಲ್ಲೀಸ್ ಕಂಪನಿಯ ವಿನ್ಯಾಸ, 1965ರಿಂದ ಇಲ್ಲಿ ಮಹೀಂದ್ರದವರು ಮಾಡಿದರು. ಮೂಡಿಗೆರೆ ಹತ್ತಿರದ ನಮ್ಮ ತೋಟದಲ್ಲಿ ಕಾಫಿ ಮೂಟೆ, ಗೊಬ್ಬರ, ಮದುವೆ ದಿಬ್ಬಣ ಎಲ್ಲ ಅದರಲ್ಲೇ. ಮಳೆಗಾಲದಲ್ಲಿ ಶಾಲೆಯಿಂದ ಬರುವಾಗ ಆ ಡಬ್ಬದ ಮೇಲೆ ಕೂರಲು ನಾವು ಮಕ್ಕಳು ಕಿತ್ತಾಡುತ್ತಿದ್ದೆವು, ಬೆಚ್ಚಗಿರುತ್ತಿತ್ತು. ಆರ್.ಸಿ. ಪುಸ್ತಕದಲ್ಲಿ ಇನ್ನೂ ‘ಮೈಸೂರು ರಾಜ್ಯ’ ಅಂತಿದೆ, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಗಿದ್ದು 1973ರಲ್ಲಿ ತಾನೆ. ಚಿಕ್ಕಪ್ಪ ಹೋದ ಮೇಲೆ ಕೊಟ್ಟಿಗೆಯಲ್ಲಿ ಕೋಳಿ ಮೊಟ್ಟೆ ಇಡುತ್ತಿದ್ದ ಅದನ್ನು ಲಾರಿ ಮೇಲೆ ಹೇರಿಸಿ ಘಣಸೋಲಿಗೆ ತಂದೆ. ಈಗ ಪಕ್ಕದ ರಬಾಳೆಯ ಒಂದು ಗ್ಯಾರೇಜಿನಲ್ಲಿದೆ.

ಮೇಸ್ತ್ರಿ ಒಳ್ಳೆಯ ಕೆಲಸಗಾರ, ಆದರೆ ಮೊದಲ ದಿನವೇ ಅಂದುಬಿಟ್ಟ, "ಸಾಹೇಬ್, ಈ ಪೆಟ್ರೋಲ್ ಇಂಜಿನ್ ತೆಗೆದು ಬಿಸಾಕಿ. ಪ್ಯೂಜೊ ಹಾಕೋಣ." ಪ್ಯೂಜೊ ಅಂದರೆ ಎಕ್ಸ್‌ಡಿಪಿ 4.90, ಮಹೀಂದ್ರ ಜೀಪುಗಳಲ್ಲಿ ಬರುತ್ತಿದ್ದ 2112 ಸಿಸಿ ಡೀಸೆಲ್. ನಮ್ಮ ಗಾಡಿಯಲ್ಲಿರುವುದು ಹರಿಕೇನ್, 2199 ಸಿಸಿ ಪೆಟ್ರೋಲ್. ಅದರ ಒಳಹರಿವಿನ ವಾಲ್ವು ತಲೆಯ ಮೇಲೆ, ಹೊಗೆ ಹೊರಹೋಗುವ ವಾಲ್ವು ಬ್ಲಾಕಿನ ಪಕ್ಕದಲ್ಲಿ. ವಿಚಿತ್ರ ಜೋಡಣೆ, ಆದರೆ ಗಟ್ಟಿ ಇಂಜಿನ್ನು. ಮಗ ಮೇಸ್ತ್ರಿಯ ಪಕ್ಷ. "ಅಪ್ಪ, ಲೀಟರಿಗೆ ಏಳು ಕಿಲೋಮೀಟರ್ ಕೊಡೋ ಗಾಡೀಲಿ ಊರಿಗೆ ಹೋಗಕ್ಕಾಗುತ್ತಾ?"

ಲೆಕ್ಕಕ್ಕೇ ಬರೋಣ. ವರ್ಷಕ್ಕೆ ಸಾವಿರ ಕಿಲೋಮೀಟರ್ ಓಡಿಸಿದರೂ ಹೆಚ್ಚು. ಪೆಟ್ರೋಲ್ 104 ರೂಪಾಯಿ, ಡೀಸೆಲ್ 90 ಅಂತಿಟ್ಟುಕೊಳ್ಳಿ. ಒಂದು ಏಳು ಕೊಟ್ಟರೆ ಇನ್ನೊಂದು ಹನ್ನೆರಡು ಕೊಡುತ್ತದೆ. ವರ್ಷದ ಉಳಿತಾಯ ಹೆಚ್ಚುಕಡಿಮೆ 7,350 ರೂಪಾಯಿ. ಹಳೆ ಪ್ಯೂಜೊ, ಅದರ ಮೌಂಟಿಂಗು, ರೇಡಿಯೇಟರು, ಗೇರ್‌ಬಾಕ್ಸಿಗೆ ಕೂಡಿಸುವ ಖರ್ಚು ಎಲ್ಲ ಸೇರಿ ಮೇಸ್ತ್ರಿ ಹೇಳಿದ್ದು 1 ಲಕ್ಷ 60 ಸಾವಿರ. ಇರುವ ಇಂಜಿನ್ನನ್ನೇ ಬಿಚ್ಚಿ ಬೋರ್ ಮಾಡಿಸಿದರೆ 90 ಸಾವಿರ. ಹೆಚ್ಚುವರಿ 70 ಸಾವಿರ ವಾಪಸು ಬರಲು ಒಂಬತ್ತೂವರೆ ವರ್ಷ ಬೇಕು. ಆಗ ನನ್ನ ಮಂಡಿ ಕ್ಲಚ್ ತುಳಿಯುತ್ತದೆಯೇ ಅನ್ನುವುದು ಬೇರೆ ಪ್ರಶ್ನೆ :)

ಡೀಸೆಲ್ ಹುಚ್ಚು ಸುಮ್ಮನೆ ಬಂದದ್ದಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ಜೀಪು ಸಾಕುವುದು ಆನೆ ಸಾಕಿದಂತಾಯಿತು. ಡೀಸೆಲ್ ಬೆಲೆಯನ್ನು ಸರ್ಕಾರ 2014ರ ಅಕ್ಟೋಬರ್‌ವರೆಗೂ ಹಿಡಿದಿಟ್ಟಿತ್ತು. ಮಲೆನಾಡಿನಲ್ಲಿ ಎಷ್ಟೋ ಜೀಪುಗಳ ಎದೆ ಬದಲಾಗಿದ್ದು ಆಗಲೇ. ಅವರನ್ನು ನಾನು ಹಳಿಯುವುದಿಲ್ಲ. ಹೊಟ್ಟೆಪಾಡು. ಮೂಲ ಇಂಜಿನ್ನು ಎಂದೋ ಹೋಗಿದ್ದರೆ ನಾನೂ ಈಗಿರುವ ಡೀಸೆಲ್ಲನ್ನೇ ರಿಪೇರಿ ಮಾಡಿಸಿ ಸುಮ್ಮನಾಗುತ್ತಿದ್ದೆ. ಆದರೆ ಜೀವವಿರುವ ಮೂಲ ಇಂಜಿನ್ನನ್ನು ಇಂದು ಕೀಳುವುದು ಬೇರೆ ಮಾತು.

ಕಾನೂನೂ ಇದೆ. ತಯಾರಕರು ಕೊಟ್ಟ ವಿವರಕ್ಕೂ ಆರ್.ಸಿ.ಗೂ ತಾಳೆಯಾಗದಂತೆ ಗಾಡಿ ಬದಲಾಯಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. "ಅದೆಲ್ಲ ಸೆಟ್ಟಿಂಗ್ ಆಗುತ್ತೆ" ಅನ್ನುತ್ತಾನೆ ಮೇಸ್ತ್ರಿ. ಇಂಜಿನ್ ನಂಬರ್ ತಾಳೆಯಾಗದ ಸಾಲದ ಫೈಲುಗಳನ್ನು ವಾಪಸು ಕಳಿಸಿಯೇ ತಲೆ ನರೆತವನು ನಾನು, ನನಗೇ ಸೆಟ್ಟಿಂಗೇ?

ಇನ್ನು 2021ರ ಜುಲೈನಲ್ಲಿ ಬಂದ ವಿಂಟೇಜ್ ನಿಯಮ. ಐವತ್ತು ವರ್ಷ ದಾಟಿದ, ವ್ಯಾಪಾರಕ್ಕಲ್ಲದ ಸ್ವಂತ ಬಳಕೆಯ ಗಾಡಿ, ಚೆಸ್ಸಿ, ಬಾಡಿ, ಇಂಜಿನ್ ಮೂಲ ರೂಪದಲ್ಲಿದ್ದರೆ 20,000 ರೂಪಾಯಿ ಕಟ್ಟಿ ಹತ್ತು ವರ್ಷಕ್ಕೆ ನೋಂದಾಯಿಸಬಹುದು, ‘ವಿಎ’ ಅಕ್ಷರದ ನಂಬರು ಸಿಗುತ್ತದೆ. ಚಿಕ್ಕಪ್ಪ ಬಾಡಿಗೆಗೆ ಓಡಿಸಿದವರಲ್ಲ, ಅದೊಂದು ಪುಣ್ಯ. ಆದರೆ ಪೆಟ್ಟು ಇಲ್ಲೇ ಇದೆ: ಆ ನಂಬರಿನ ಗಾಡಿಯನ್ನು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ತುಂಬಿಸುವುದು, ಇಷ್ಟಕ್ಕೆ ಮಾತ್ರ. ಮೂಡಿಗೆರೆಗೆ ಓಡಿಸಿಕೊಂಡು ಹೋಗಿ ಚಿಕ್ಕಮ್ಮನ ಅಂಗಳದಲ್ಲಿ ನಿಲ್ಲಿಸಬೇಕು ಅನ್ನುವ ನನ್ನ ಆಸೆಗೆ ಕಲ್ಲು. ಮಗನ ಸಿಟ್ಟು ಇದಕ್ಕೇ, ಮತ್ತು ಅವನ ಮಾತಿನಲ್ಲಿ ನ್ಯಾಯವಿಲ್ಲ ಅನ್ನಲಾರೆ. ಓಡದ ಗಾಡಿ ಯಾಕೆ ಅನ್ನುತ್ತಾನೆ.

ಪೆಟ್ರೋಲಿನ ತೊಂದರೆಯನ್ನೂ ಮುಚ್ಚಿಡುವುದಿಲ್ಲ. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತದ್ದು. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ಮು ಅದಕ್ಕೆ ತಡೆಯುವುದಿಲ್ಲ, ನಿಂತ ಟ್ಯಾಂಕಿನಲ್ಲಿ ನೀರು ಹೀರಿ ತುಕ್ಕು ಹಿಡಿಸುತ್ತದೆ. ಪೈಪು ಬದಲಾಯಿಸಬೇಕು, ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಬೇಕು. ಮಾಡುತ್ತೇನೆ. ಅತ್ತ, ಎರಡು ಸೀಟಿನ ನಡುವೆ ಡೀಸೆಲ್ ಇಂಜಿನ್ನು ಕೂತು ಗದಗುಟ್ಟಿದರೆ ಪಕ್ಕದವರ ಜೊತೆ ಮಾತು ಹೇಗೆ?

"ತೆಗೆದ ಇಂಜಿನ್ ಎತ್ತಿಡಿ, ಬೇಕಾದಾಗ ಹಾಕಿದರಾಯ್ತು" ಅಂತ ಕೊನೆಯ ಸಲಹೆ ಬಂತು. ಎಲ್ಲಿ ಎತ್ತಿಡಲಿ? ಎರಡು ಕೋಣೆಯ ಫ್ಲಾಟಿನ ಬಾಲ್ಕನಿಯಲ್ಲೇ? ಗ್ಯಾರೇಜಿನ ಮೂಲೆಯಲ್ಲಿಟ್ಟರೆ ಒಂದು ಮಳೆಗಾಲ ದಾಟುವುದರೊಳಗೆ ಕಬ್ಬಿಣದ ತೂಕಕ್ಕೆ ಹೋಗಿರುತ್ತದೆ.

ಹೋದ ಶನಿವಾರ ಬ್ಲಾಕು ಬೋರಿಂಗಿಗೆ ಹೋಯಿತು. ಜೀಪಿನದೇ ಇಂಜಿನ್ನು, ಆದ್ದರಿಂದ ಕುರ್ಲಾದಲ್ಲಿ ಹುಡುಕಿದ್ದಕ್ಕೆ ಪಿಸ್ಟನ್ ಸೆಟ್ಟೂ ಸಿಕ್ಕಿತು. ಮಗ ಇನ್ನೂ ಮುಖ ಊದಿಸಿಕೊಂಡಿದ್ದಾನೆ, ಆದರೂ ಪಿಸ್ಟನ್ ಡಬ್ಬ ಹೊತ್ತು ಲೋಕಲ್ ಹತ್ತಿದ್ದು ಅವನೇ. ಚಿಕ್ಕಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. "ಸ್ಟಾರ್ಟ್ ಮಾಡಿದ ದಿನ ಫೋನ್ ಹತ್ರ ಹಿಡಿ ಮಾರಾಯ, ಸದ್ದು ಕೇಳ್ತೀನಿ" ಅಂದರು.