ರಾತ್ರಿ ವಾಪಸ್ ಬಂತು, ಹೊರಡೋರು ಯಾರು?

2022ರ ಜನವರಿ 31ಕ್ಕೆ ಬೆಂಗಳೂರಿನ ನೈಟ್ ಕರ್ಫ್ಯೂ ಹೋಯಿತು. ಫೆಬ್ರವರಿ 5ರಿಂದ ಥಿಯೇಟರ್‌ನ ಎಲ್ಲಾ ಸೀಟೂ ತುಂಬಬಹುದು ಅಂದರು. ಹಾಸ್ಟೆಲ್ ಗ್ರೂಪುಗಳಲ್ಲಿ ಎರಡು ದಿನ ಸ್ಟಿಕರ್‌ಗಳ ಸುರಿಮಳೆ. ಆಮೇಲೆ? ಎಲ್ಲರೂ ಮತ್ತೆ ಲ್ಯಾಪ್‌ಟಾಪ್ ಮುಂದೆ, ಕಿವಿಗೆ ಇಯರ್‌ಫೋನ್, ಸಿನಿಮಾ ಒಂದೂವರೆ ಪಟ್ಟು ಸ್ಪೀಡಿನಲ್ಲಿ. ಬಾಗಿಲು ತೆರೆದಿದೆ, ಹೊರಗೆ ಹೋಗೋ ಅಭ್ಯಾಸವೇ ತಪ್ಪಿಹೋಗಿದೆ.

ಮುಚ್ಚಿದ್ದೇ ತಪ್ಪು ಅಂತ ನಾವು ಹೇಳ್ತಿಲ್ಲ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯಲ್ಲೇ ಆಯಿತು. 14ನೇ ತಾರೀಖಿನಿಂದ ಥಿಯೇಟರ್, ಪಬ್, ಮಾಲ್ ಎಲ್ಲಾ ಬಂದ್. ಗಾಳಿಯಾಡದ ಕೋಣೆಯಲ್ಲಿ ಜನ ಒತ್ತೊತ್ತಾಗಿ ಕೂತು ಹಾಡಿದರೆ, ಕೂಗಿದರೆ ವೈರಸ್ ಹರಡುತ್ತೆ, ಇದಕ್ಕೆ ವಾದ ಬೇಡ. 2021ರ ಏಪ್ರಿಲ್, ಮೇ ತಿಂಗಳಲ್ಲಿ ಬೆಡ್‌ಗೆ, ಆಕ್ಸಿಜನ್‌ಗೆ ಪರದಾಡಿದ್ದನ್ನು ನಮ್ಮ ಮನೆಗಳೂ ಮರೆತಿಲ್ಲ.

ನಮ್ಮ ತಕರಾರು ಇರೋದು ಅರ್ಧಂಬರ್ಧ ತೆರೆದ ದಿನಗಳ ಬಗ್ಗೆ. ಶೇ. 50 ಸೀಟು ಅಂದರೆ ಆದಾಯ ಅರ್ಧ. ಆದರೆ ಬಾಡಿಗೆ, ಕರೆಂಟು, ಸಂಬಳ ಅರ್ಧ ಆಗಲ್ಲ. ಹತ್ತು ಗಂಟೆಗೆ ಕರ್ಫ್ಯೂ ಅಂದರೆ ಕೇಳುಗರೂ ಬ್ಯಾಂಡಿನವರೂ ಹತ್ತಕ್ಕೆ ಮನೆ ಸೇರಿರಬೇಕು. ಹಾಗಾಗಿ ಒಂಬತ್ತಕ್ಕೇ ಹಾಡು ಮುಗಿಸಬೇಕು. ಈ ಊರಿನಲ್ಲಿ ಜನ ಆಫೀಸಿಂದ ಟ್ರಾಫಿಕ್ ದಾಟಿ ಬರೋದೇ ಎಂಟಕ್ಕೆ! ಕಾಗದದ ಮೇಲೆ ಅನುಮತಿ ಉಂಟು, ಲೆಕ್ಕ ಹಾಕಿದರೆ ಕಾರ್ಯಕ್ರಮ ಸಾಧ್ಯವಿಲ್ಲ. ಇಷ್ಟು ಗಣಿತ ಫಸ್ಟ್ ಸೆಮ್‌ನವರಿಗೂ ಬರುತ್ತೆ.

ನಿಯಮ ಎಲ್ಲರಿಗೂ ಒಂದೇ ಆಗಿದ್ದರೆ ಸಹಿಸಬಹುದಿತ್ತು. 2021ರ ಏಪ್ರಿಲ್ ಮೊದಲ ವಾರ ಥಿಯೇಟರ್‌ಗಳಿಗೆ ಮತ್ತೆ ಅರ್ಧ ಸೀಟಿನ ಆದೇಶ ಬಂತು. ಏಪ್ರಿಲ್ 1ಕ್ಕೆ ತೆರೆಕಂಡಿದ್ದ ‘ಯುವರತ್ನ’ 9ಕ್ಕೇ ಓಟಿಟಿಗೆ ಹೋಯಿತು. ಅದೇ ಹೊತ್ತಿಗೆ ಬೆಳಗಾವಿ, ಮಸ್ಕಿ, ಬಸವಕಲ್ಯಾಣದಲ್ಲಿ ಉಪಚುನಾವಣೆಯ ಪ್ರಚಾರ ನಡೀತಿತ್ತು. 2022ರ ಜನವರಿಯಲ್ಲಿ ಕರ್ಫ್ಯೂ ಇದ್ದಾಗಲೇ ಮೇಕೆದಾಟು ಪಾದಯಾತ್ರೆ ಹೊರಟಿತು. ಆಳೋ ಪಕ್ಷ, ವಿರೋಧ ಪಕ್ಷ ಎರಡಕ್ಕೂ ಜನ ಸೇರಿಸೋದು ಅಗತ್ಯ ಸೇವೆ. ಗಿಟಾರ್ ನುಡಿಸೋದು ಮಾತ್ರ ಮೋಜು.

ಮೋಜು ಅನ್ನೋ ಈ ಮಾತಿನಲ್ಲೇ ಎಡವಟ್ಟಿರೋದು. ಪಬ್ಬಿನಲ್ಲಿ ಡ್ರಮ್ಸ್ ಬಾರಿಸುವವನಿಗೆ, ಸೌಂಡ್ ನೋಡಿಕೊಳ್ಳುವವಳಿಗೆ ಸಾಮಾನ್ಯವಾಗಿ ತಿಂಗಳ ಸಂಬಳ ಇರಲ್ಲ, ನುಡಿಸಿದ ರಾತ್ರಿಗಷ್ಟೇ ದುಡ್ಡು. ನಿಜ ಹೇಳಬೇಕೆಂದರೆ ಬೆಂಗಳೂರಿನ ಲೈವ್ ಮ್ಯೂಸಿಕ್‌ಗೆ ಕೋವಿಡ್‌ಗಿಂತ ಮೊದಲೇ ಕೆಮ್ಮು ಶುರುವಾಗಿತ್ತು. ಲೈಸೆನ್ಸ್ ಕಡ್ಡಾಯ ಮಾಡಿದ 2005ರ ಪೊಲೀಸ್ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ಎಷ್ಟೋ ಕಡೆ ಬ್ಯಾಂಡ್‌ಗಳು ನಿಂತವು. ಉಳಿದಿದ್ದವರ ಮೇಲೆ ಕೋವಿಡ್‌ನ ಎರಡು ವರ್ಷ ಬಿತ್ತು.

‘ಓಟಿಟಿ ಇದೆಯಲ್ಲ ಮಗಾ’ ಅಂತೀರಾ? ಇದೆ. 2020ರ ಜುಲೈನಲ್ಲಿ ‘ಲಾ’, ‘ಫ್ರೆಂಚ್ ಬಿರಿಯಾನಿ’ ನೇರವಾಗಿ ಅಲ್ಲಿಗೇ ಬಂದವು. ಆದರೆ ಸ್ಟಾರ್ ಇಲ್ಲದ ಸಣ್ಣ ಚಿತ್ರಗಳ ಕತೆ ಬೇರೆ. ಪೃಥ್ವಿ ಕೊಣನೂರರ ‘ಪಿಂಕಿ ಎಲ್ಲಿ?’ 2020ರಲ್ಲಿ, ನಟೇಶ್ ಹೆಗಡೆಯವರ ‘ಪೆದ್ರೊ’ 2021ರಲ್ಲಿ ಬೂಸಾನ್ ಚಿತ್ರೋತ್ಸವಕ್ಕೆ ಹೋದವು. ಕನ್ನಡದ ಸಿನಿಮಾ ಕೊರಿಯಾದವರು ನೋಡಿಯಾಯ್ತು, ನಮ್ಮ ಕ್ಯಾಂಪಸ್‌ನಲ್ಲಿ ಹೆಸರು ಕೇಳಿದವರೂ ಕಮ್ಮಿ. ಇಂಥ ಚಿತ್ರಗಳು ಬದುಕೋದು ಫಿಲ್ಮ್ ಸೊಸೈಟಿಗಳಲ್ಲಿ, ಉತ್ಸವಗಳಲ್ಲಿ. ಬನಶಂಕರಿಯ ಸುಚಿತ್ರಾ 1971ರಲ್ಲಿ ಶುರುವಾದದ್ದು. ಅದಕ್ಕೆ ಐವತ್ತು ತುಂಬಿದ್ದು ಇದೇ ಕೋವಿಡ್ ಕಾಲದಲ್ಲಿ. ನಿಧಾನದ ಸಿನಿಮಾವನ್ನು ಫೋನ್ ಪಕ್ಕಕ್ಕಿಟ್ಟು ಕೊನೇವರೆಗೂ ನೋಡೋ ತಾಳ್ಮೆ ಅಂಥ ಕತ್ತಲ ಹಾಲ್‌ನಲ್ಲೇ ಬರೋದು. ಮುಗಿದ ಮೇಲೆ ಮೆಟ್ಟಿಲ ಮೇಲೆ ನಿಂತು ಗುರುತಿಲ್ಲದವರ ಜೊತೆ ಜಗಳ ಆಡ್ತೀವಲ್ಲ, ಅದನ್ನು ಯಾವ ಆ್ಯಪೂ ಕೊಡಲ್ಲ.

ಸರ್ಕಾರವನ್ನು ಬೈದು ಸುಮ್ಮನಾದರೆ ಪ್ರಯೋಜನ ಇಲ್ಲ. 2021ರಲ್ಲಿ ನಡೆಯದ ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವ 2022ರ ಮಾರ್ಚ್ 3ರಿಂದ 10ರವರೆಗೆ ಒರಾಯನ್ ಮಾಲ್‌ನಲ್ಲಿ ನಡೆಯಿತು. ಇಂಥ ಉತ್ಸವ ಬಂದಾಗ ಇಂಟರ್ನಲ್ಸ್ ನಡುವೆ ಒಂದು ದಿನವಾದರೂ ಬಿಡುವು ಮಾಡ್ಕೊಳ್ಳಿ. ಇನ್ನು ಕಾಲೇಜಿಗೆ ನಮ್ಮ ಬೇಡಿಕೆ ಒಂದೇ: ತಿಂಗಳಿಗೊಂದು ಶನಿವಾರ ಸಂಜೆ ಬಯಲು ರಂಗಮಂದಿರ ಬಿಟ್ಟುಕೊಡಿ. ಗಾಳಿ ಬೇಕಾದಷ್ಟಿದೆ, ಪ್ರೊಜೆಕ್ಟರ್ ಸೆಮಿನಾರ್ ಹಾಲ್‌ನಲ್ಲಿ ಧೂಳು ತಿನ್ತಿದೆ. ನಿರ್ದೇಶಕರ ಒಪ್ಪಿಗೆ ಪಡೆದು ಒಂದು ಕನ್ನಡ ಸಿನಿಮಾ, ಅದಕ್ಕೂ ಮೊದಲು ಊರಿನದೇ ಒಂದು ಬ್ಯಾಂಡು. ಇಬ್ಬರಿಗೂ ದುಡ್ಡು ಕೊಡಬೇಕು. ‘ಒಳ್ಳೇ ಎಕ್ಸ್‌ಪೋಷರ್ ಸಿಗುತ್ತೆ’ ಅನ್ನೋ ಫೆಸ್ಟ್ ಕಮಿಟಿ ಡೈಲಾಗ್ ಬೇಡ. ಎರಡು ವರ್ಷ ಕೆಲಸವಿಲ್ಲದೆ ಕೂತವರಿಗೆ ಎಕ್ಸ್‌ಪೋಷರ್‌ನಿಂದ ಬಾಡಿಗೆ ಕಟ್ಟೋಕಾಗಲ್ಲ.

ತಲೆಗೆ ಐವತ್ತು ರೂಪಾಯಿ, ಎರಡು ಪ್ಲೇಟ್ ಗೋಬಿ ಬಿಟ್ಟರೆ ಆಯ್ತು. ಇನ್ನೂರು ಜನ ಸೇರಿದರೆ ಹತ್ತು ಸಾವಿರ. ಶುರು ಮಾಡೋಕೆ ಅಷ್ಟು ಸಾಕು. ಬರ್ತೀರಾ?