ಅಳಿಸುವ ಮುನ್ನ ಓದಿರಿ

ಗಣಕಯಂತ್ರವೊಂದು ಕೆಟ್ಟಿತೆಂದರೆ ನಮ್ಮಲ್ಲಿ ಸಾಮಾನ್ಯವಾಗಿ ಹೊರಡುವ ತೀರ್ಪು ಒಂದೇ: “ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಬಿಡಿ.” ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಈ ಚಿಕಿತ್ಸೆಯನ್ನು ನಾನು ಒಪ್ಪಲಾರೆ. ಕಲಾವಿಭಾಗದ ವಿದ್ಯಾರ್ಥಿಗೆ ಈ ವಿಷಯದಲ್ಲಿ ಮಾತನಾಡಲು ಏನು ಅಧಿಕಾರವೆಂದು ಕೆಲವರು ಕೇಳಬಹುದು. ಉತ್ತರವನ್ನು ಮುಂದೆ ಹೇಳುತ್ತೇನೆ.

ಯೂನಿಕ್ಸ್ ಮಾದರಿಯ ಲಿನಕ್ಸ್ ವ್ಯವಸ್ಥೆಯನ್ನೇ ನೋಡೋಣ. ಅದರಲ್ಲಿ ಒಂದು ತಂತ್ರಾಂಶವನ್ನು ಮೂಲ ಬರೆಹದಿಂದ ಕಟ್ಟಬೇಕಾದರೆ ಕಂಪೈಲರ್ ಬೇಕು, ಅನೇಕ ಲೈಬ್ರರಿಗಳು ಬೇಕು, ಅವುಗಳ ಪರಿಚಯ ಕೊಡುವ ಹೆಡರ್ ಕಡತಗಳು ಬೇಕು. ಯಾವುದಾದ ಮೇಲೆ ಯಾವುದೆಂಬ ಕ್ರಮವನ್ನು ನೋಡಿಕೊಳ್ಳಲು ‘ಮೇಕ್’ ಎಂಬ ಸಾಧನವನ್ನು ಬೆಲ್ ಪ್ರಯೋಗಾಲಯದ ಸ್ಟೂವರ್ಟ್ ಫೆಲ್ಡ್‌ಮನ್ 1976ರಲ್ಲಿ ರಚಿಸಿದರು. ಪ್ಯಾಕೇಜುಗಳನ್ನು ಹೊಸದು ಮಾಡುತ್ತಿರುವಾಗ ವಿದ್ಯುತ್ತು ಹೋಯಿತೆನ್ನಿ; ಲೈಬ್ರರಿಗಳು ಅರ್ಧ ಬದಲಾಗಿ ನಿಲ್ಲುತ್ತವೆ. ಆಮೇಲೆ ಏನನ್ನು ಕಟ್ಟಹೊರಟರೂ ತೆರೆಯ ಮೇಲೆ ನೂರಾರು ಸಾಲು ದೋಷಗಳು ಸುರಿಯುತ್ತವೆ. ನೋಡಿದವನ ಧೈರ್ಯ ಅಲ್ಲಿಗೇ ಮುಗಿಯುತ್ತದೆ. ಆದರೆ ಸಾಮಾನ್ಯವಾಗಿ ಅವುಗಳಲ್ಲಿ ಮೊದಲನೆಯದೇ ನಿಜವಾದ ದೋಷ. ಉಳಿದವು ಅದರ ಸಂತಾನ. ಕೊನೆಯ ಸಾಲನ್ನು ಕಂಡು ಹೆದರುವವರು ಬಹಳ. ಮೇಲಕ್ಕೆ ಹೋಗಿ ಮೊದಲನೆಯದನ್ನು ಓದುವವರು ಕಡಮೆ.

ಓದಿದರೆ ಕಾರಣ ಎಷ್ಟೋ ವೇಳೆ ಅಲ್ಪವಾದುದು. ಡಿಸ್ಕಿನಲ್ಲಿ ಜಾಗ ತೀರಿರಬಹುದು. ಮದರ್‌ಬೋರ್ಡಿನ ಪುಟ್ಟ ಬ್ಯಾಟರಿ ಮುಗಿದು ಗಡಿಯಾರ ಹಿಂದಕ್ಕೆ ಹೋಗಿರಬಹುದು. ಕಡತಗಳು ಬದಲಾದ ಹೊತ್ತನ್ನು ಹೋಲಿಸಿ ನಡೆಯುವ ‘ಮೇಕ್’‌ಗೆ ಆಗ ನಿನ್ನೆ ಯಾವುದು ನಾಳೆ ಯಾವುದು ತಿಳಿಯುವುದಿಲ್ಲ. ಹೆಡರ್ ಇಲ್ಲವೆಂದರೆ ಆ ಲೈಬ್ರರಿಯ ‘ಡೆವ್’ ಪ್ಯಾಕೇಜನ್ನು ಹಾಕಿದರಾಯಿತು. ಡೆಬಿಯನ್ ವ್ಯವಸ್ಥೆಯಲ್ಲಿ ಯಾವ ಪ್ಯಾಕೇಜು ಅರ್ಧಕ್ಕೆ ನಿಂತಿದೆಯೆಂಬುದನ್ನು ‘ಡಿಪಿಕೆಜಿ’ ದಾಖಲೆಯಲ್ಲಿ ಬರೆದಿಡುತ್ತದೆ. ಅದನ್ನು ಮುಗಿಸೆಂದು ಅದಕ್ಕೇ ಆಜ್ಞೆ ಕೊಡಬಹುದು. ಆ ದಾಖಲೆಯೇ ಕೆಟ್ಟರೂ ಸಾಮಾನ್ಯವಾಗಿ ಅದರ ಹಳೆಯ ಪ್ರತಿ ಡಿಸ್ಕಿನಲ್ಲಿರುತ್ತದೆ.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ಪ್ರಸಂಗವೊಂದು 1986ರಲ್ಲಿ ಬೆಳಕಿಗೆ ಬಂದಿತು. ತಪ್ಪಾಗಿ ಕೊಟ್ಟ ಒಂದು ಅಳಿಸುವ ಆಜ್ಞೆಯಿಂದ ಅಲ್ಲಿನ ವ್ಯಾಕ್ಸ್ ಯಂತ್ರದ ಯೂನಿಕ್ಸಿನಲ್ಲಿ ಮುಖ್ಯ ಡೈರೆಕ್ಟರಿಗಳೇ ಹೋದವು. ಕಡತಗಳ ಪಟ್ಟಿ ತೋರಿಸುವ ಆಜ್ಞೆಯೂ ಉಳಿಯಲಿಲ್ಲ. ಕಂಪೈಲರ್ ಇಲ್ಲದೆ ಅಲ್ಲಿ ಏನನ್ನೂ ಕಟ್ಟುವಂತಿರಲಿಲ್ಲ. ಆದರೆ ಈಮ್ಯಾಕ್ಸ್ ಎಂಬ ಎಡಿಟರ್ ಉಳಿದಿತ್ತು. ಬೇರೆಡೆ ಸಿದ್ಧಮಾಡಿದ ಪುಟ್ಟ ಪ್ರೋಗ್ರಾಮೊಂದನ್ನು ಅದರ ಮೂಲಕ ಅಕ್ಷರಕ್ಷರವಾಗಿ ಟೈಪುಮಾಡಿ, ನಡೆಸಿ, ಅವರು ವ್ಯವಸ್ಥೆಯನ್ನು ಮರಳಿ ಎಬ್ಬಿಸಿದರು. ಹೋದುದಕ್ಕೆ ಅಳುತ್ತ ಕೂರದೆ ಉಳಿದುದನ್ನು ಎಣಿಸಿದುದೇ ಅವರ ಜಾಣತನ.

ಹೊಸದಾಗಿ ಹಾಕಲು ಒಂದು ಗಂಟೆ ಸಾಕು, ಸರಿಪಡಿಸಲು ಇಡೀ ದಿನ ಬೇಕು ಎಂದು ಆಕ್ಷೇಪಿಸುವವರಿದ್ದಾರೆ. ಮಾತು ಸುಳ್ಳಲ್ಲ. ಡಿಸ್ಕೇ ಸಾಯುತ್ತಿದ್ದರೆ, ಅಥವಾ ಅನ್ಯರು ಒಳಹೊಕ್ಕು ಕೆಡಿಸಿದ್ದರೆ, ಬೇಕಾದುದನ್ನು ಪ್ರತಿಮಾಡಿಕೊಂಡು ಹೊಸದಾಗಿ ಹಾಕುವುದೇ ಸರಿ. ಆದರೆ ಬ್ಯಾಟರಿಯೇ ಸತ್ತಿದ್ದರೆ ಹೊಸ ವ್ಯವಸ್ಥೆಯ ಗಡಿಯಾರವೂ ತಪ್ಪುತ್ತದೆ. ಅಳಿಸಿದಾಗ ಇನ್ನೊಬ್ಬ ವಿದ್ಯಾರ್ಥಿಯ ತಿಂಗಳ ಬರೆಹವೂ ಹೋಗಬಹುದು. ಅದನ್ನು ಯಾವ ಗಂಟೆಯ ಲೆಕ್ಕದಲ್ಲಿ ಸೇರಿಸೋಣ?

ಇನ್ನು ಅಧಿಕಾರದ ಪ್ರಶ್ನೆ. ಒಡೆದ ಶಾಸನವನ್ನು ಓದುವವನು ಕಲ್ಲನ್ನು ಎಸೆಯುವುದಿಲ್ಲ. ಉಳಿದ ಅಕ್ಷರಗಳಿಂದ ಹೋದುದನ್ನು ಊಹಿಸುತ್ತಾನೆ. ಯಂತ್ರ ಬರೆದ ದೋಷದ ಸಾಲೂ ಒಂದು ಬರೆಹವೇ. ಬರೆಹವನ್ನು ತಾಳ್ಮೆಯಿಂದ ಓದುವ ವಿದ್ಯೆಗಾಗಿಯೇ ನಾವು ಈ ಕಾಲೇಜಿಗೆ ಬಂದಿರುವುದು.

ಆದುದರಿಂದ ಮಿತ್ರರಲ್ಲಿಯೂ ಅಧ್ಯಾಪಕರಲ್ಲಿಯೂ ನನ್ನದೊಂದು ಸೂಚನೆ. ಗಣಕಯಂತ್ರದ ಕೊಠಡಿಯಲ್ಲಿ ಒಂದು ನೋಟುಪುಸ್ತಕವಿರಲಿ. ಯಂತ್ರ ಕೆಟ್ಟಾಗ ಅದು ತೋರಿಸಿದ ಮೊದಲ ದೋಷವನ್ನೂ, ಅದಕ್ಕೆ ಮಾಡಿದ ಉಪಾಯವನ್ನೂ ತಾರೀಖಿನೊಡನೆ ಕನ್ನಡದಲ್ಲಿ ಬರೆದಿಡೋಣ. ಖರ್ಚು ಒಂದು ಪುಸ್ತಕದ ಬೆಲೆ. ಲಾಭ ಮುಂದಿನ ವರ್ಷ ಬರುವವರಿಗೆ.